ಸಕ್ಕರೆ ಬಾಟಲಿಯ ಎರಡನೇ ಪೆಟ್ಟು

ನನ್ನ ಅಣ್ಣನ ಎಡಗಣ್ಣಿಗೆ ಈಗ ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟೇ ತಿಳಿಯುತ್ತದೆ. ಅದನ್ನು ಆ ಸ್ಥಿತಿಗೆ ತಂದವಳು ನಾನು. ಹಾಡಹಗಲು, ಹೈದರಾಬಾದಿನ ಅಮೀರ್‌ಪೇಟ್‌ನ ಒಂದು ಸಭಾಂಗಣದಲ್ಲಿ, ತುಂಬಿದ ಸಭೆಯ ಎದುರು, ಎಂಬತ್ತರ ದಶಕದ ಒಂದು ಪಾಪ್ ಹಾಡು ಜೋರಾಗಿ ಮೊಳಗುತ್ತಿರುವಾಗ ಹೊಡೆದೆ. ಕಂಡವರೆಲ್ಲ ಅದನ್ನು ಅಪಘಾತ ಎನ್ನುತ್ತಾರೆ. ಅಣ್ಣನೂ ಹಾಗೇ ಎನ್ನುತ್ತಿದ್ದ. ಅದು ಅಪಘಾತವೋ ಅಲ್ಲವೋ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ಅದನ್ನು ಅವನ ಮುಖ ನೋಡಿ ಹೇಳಲೋ ಬೇಡವೋ ಎಂಬ ಪ್ರಶ್ನೆ ನಾಲ್ಕು ತಿಂಗಳು ನನ್ನ ಊಟ ನಿದ್ದೆ ಎರಡನ್ನೂ ತಿಂದಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಟ್ಟಿನ ಹೆಂಗಸು. ನಾಚಾರಂನಲ್ಲಿ ಪ್ಲಾಸ್ಟಿಕ್ ಬಾಟಲಿ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಬೆನ್ನ ಹಿಂದೆ ನನ್ನನ್ನು ‘ಮಿರ್ಚಿ ಮೇಡಂ’ ಅನ್ನುತ್ತಾರೆ, ಗೊತ್ತಿದೆ. ಒಮ್ಮೆ ಒಬ್ಬ ಆಪರೇಟರ್ ಅಚ್ಚಿಗೆ ಅಂಟಿಕೊಂಡ ಬಾಟಲಿ ಕೀಳಲು ಮಷೀನಿನೊಳಗೆ ಕೈ ಹಾಕಿದ. ಅಚ್ಚಿನ ಎರಡು ಭಾಗ ಕೂಡಿಕೊಂಡರೆ ಬೆರಳುಗಳು ಉಳಿಯುವುದಿಲ್ಲ. ರಟ್ಟೆ ಹಿಡಿದು ಹೊರಗೆಳೆದು ಕಪಾಳಕ್ಕೆ ಒಂದು ಬಾರಿಸಿದೆ. ಮರುದಿನ ಅವನ ಹೆಂಡತಿ ಬಂದು ನನಗೆ ಒಂದು ಡಜನ್ ಬಳೆ ಕೊಟ್ಟು, ಕಣ್ಣೀರು ಹಾಕಿ, ಕೈಮುಗಿದು ಹೋದಳು. ಎಲ್ಲರೂ ಹೊಗಳಿದರು. ಆದರೆ ಕೈ ಹೊರಗೆ ಬಂದ ಮೇಲೆ ಹೊಡೆಯುವ ಅಗತ್ಯ ಇರಲಿಲ್ಲ ನೋಡಿ. ಹೊಡೆದಾಗ ಹಿತವಾಗಿತ್ತು, ಅದಕ್ಕೆ ಹೊಡೆದೆ.

ಈ ಸಿಟ್ಟು ಹುಟ್ಟಿನಿಂದ ಬಂದದ್ದೋ ಅಣ್ಣನಿಂದ ಬಂದದ್ದೋ ಎಂದು ಲೆಕ್ಕ ಹಾಕುತ್ತ ಕೂತರೆ ಒಂದು ವಿಡಿಯೋ ಕ್ಯಾಸೆಟ್ಟಿನ ಹತ್ತಿರ ಬಂದು ನಿಲ್ಲುತ್ತೇನೆ. ಅಪ್ಪ ಗದಗಿನ ಕಡೆಯವರು, ಹೈದರಾಬಾದಿನ ರಕ್ಷಣಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಾವಿದ್ದದ್ದು ಕ್ವಾರ್ಟರ್ಸಿನಲ್ಲಿ. ಪಕ್ಕದ ಮನೆಯ ಚಾಚಾನ ಮಗ ಗಲ್ಫಿನಿಂದ ರಜೆಗೆ ಬಂದಾಗ ಅಲ್ಲಿಯ ಟೀವಿಯಿಂದ ಇಂಗ್ಲಿಷ್ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡ ಒಂದು ಕ್ಯಾಸೆಟ್ ತಂದಿದ್ದ. ಅವರ ಮನೆಯಲ್ಲೇ ವಿಸಿಆರ್ ಇತ್ತು. ಆಗ ಅಣ್ಣನಿಗೆ ಹದಿನೈದು, ನನಗೆ ಹನ್ನೊಂದು. ಆ ಬೇಸಿಗೆ ರಜೆ ಪೂರ್ತಿ ಅದನ್ನೇ ನೋಡಿದೆವು. ಟೇಪು ಸವೆದು ಮುಖಗಳ ಮೇಲೆ ಬಿಳಿ ಗೆರೆ ಓಡತೊಡಗಿದರೂ ನೋಡಿದೆವು.

ಎಂಥೆಂಥ ವಿಡಿಯೋಗಳು ಅವು! ಒಂದರಲ್ಲಿ ಸೂಟು ಹಾಕಿದ ನಾಲ್ವರು ಈಜುಕೊಳದ ತಳದಲ್ಲಿ ಮೇಜು ಕುರ್ಚಿ ಹಾಕಿಕೊಂಡು ಇಸ್ಪೀಟು ಆಡುತ್ತ ಹಾಡುತ್ತಿದ್ದರು. ಇನ್ನೊಂದರಲ್ಲಿ ಡ್ರಮ್ ಬಾರಿಸುವವನ ಮುಂದೆ ಡ್ರಮ್ಮೇ ಇಲ್ಲ, ಸಾಲಾಗಿ ಕಲ್ಲಂಗಡಿ ಹಣ್ಣು. ಒಂದೊಂದೇ ಒಡೆದು ಕೊನೆಗೆ ಮೈಯೆಲ್ಲ ಕೆಂಪು ಮಾಡಿಕೊಂಡು ಹಲ್ಲು ಕಿರಿಯುತ್ತಿದ್ದ. ಮತ್ತೊಂದರಲ್ಲಿ ಒಬ್ಬಳು ಇಸ್ತ್ರಿಪೆಟ್ಟಿಗೆಯನ್ನು ಫೋನಿನಂತೆ ಕಿವಿಗೆ ಹಿಡಿದು ಪ್ರಿಯಕರನನ್ನು ಬಯ್ಯುತ್ತಿದ್ದಳು. ಹಾಡಿನ ಅರ್ಥ ನಮಗೆ ತಿಳಿಯುತ್ತಿರಲಿಲ್ಲ. ತಿಳಿಯುವ ಅವಶ್ಯಕತೆಯೂ ಇರಲಿಲ್ಲ.

ಅಣ್ಣನಿಗೆ ಹಾಡಿಗಿಂತ ಅದರ ಹಿಂದಿನ ಸಂಗತಿಗಳ ಹುಚ್ಚು. ಭಾನುವಾರ ಅಬಿಡ್ಸ್‌ನ ಫುಟ್‌ಪಾತಿಗೆ ಹೋಗಿ ಹಳೆಯ ವಿದೇಶಿ ಮ್ಯಾಗಜೀನು ಹುಡುಕುವನು. ಅದರಲ್ಲಿ ಓದಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವನು. ಮಳೆ ಕ್ಯಾಮೆರಾಕ್ಕೆ ಚೆನ್ನಾಗಿ ಕಾಣಲೆಂದು ನೀರಿಗೆ ಹಾಲು ಬೆರೆಸುತ್ತಾರಂತೆ. ಇನ್ನೊಂದು ವಿಡಿಯೋದಲ್ಲಿ ಬರುವ ತೋಳ ನಿಜಕ್ಕೂ ನಾಯಿಯಾಗಿತ್ತಂತೆ, ಬಾಲಕ್ಕೆ ಕೂದಲು ಅಂಟಿಸಿದ್ದರಂತೆ. ಕಲ್ಲಂಗಡಿಯವನನ್ನು ಇಡೀ ದಿನ ನೊಣ ಮುತ್ತಿದ್ದವಂತೆ. ಅಷ್ಟೆಲ್ಲ ತಿಳಿದುಕೊಂಡು ಯಾರಿಗೆ ಹೇಳುವುದು? ನನಗೆ. ಕೇಳದಿದ್ದರೆ ಗುದ್ದು.

ಅವನಿಗೆ ಪಂಚಪ್ರಾಣವಾಗಿದ್ದದ್ದು ಬಾಟಲಿ ವಿಡಿಯೋ. ಹಾಡುಗಾರ ಹೋಟೆಲಿನಲ್ಲಿ ಕೂತು ನೂಡಲ್ಸ್ ತಿನ್ನುತ್ತ ಪ್ರೇಮಗೀತೆ ಹಾಡುತ್ತಾನೆ. ಕೋಳಿಪುಕ್ಕದ ಟೋಪಿ ಹಾಕಿದ ಒಬ್ಬ ಹೆಂಗಸು ಪಲ್ಲವಿ ಬಂದಾಗಲೆಲ್ಲ ಹಿಂದಿನಿಂದ ಬಂದು ಒಂದು ಹಸಿರು ಬಾಟಲಿಯನ್ನು ಅವನ ನೆತ್ತಿಯ ಮೇಲೆ ಒಡೆಯುತ್ತಾಳೆ. ಅವನು ಕಣ್ಣು ಕೂಡ ಮಿಟುಕಿಸದೆ ಹಾಡು ಮುಂದುವರಿಸುತ್ತಾನೆ. ಮೂರು ಪಲ್ಲವಿ, ಮೂರು ಬಾಟಲಿ. ಅದು ಗಾಜಲ್ಲ, ಸಕ್ಕರೆ ಎಂದು ಅಣ್ಣ ಮ್ಯಾಗಜೀನಿನಲ್ಲಿ ಓದಿದ್ದ. ಕೊನೆಯಲ್ಲಿ ಹಾಡುಗಾರ ಹೆಗಲ ಮೇಲೆ ಬಿದ್ದ ಚೂರನ್ನು ನಾಲಿಗೆ ಚಾಚಿ ನೆಕ್ಕುವುದನ್ನು ಕ್ಯಾಸೆಟ್ ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಿದ್ದ.

ನೋಡುವುದರ ಜೊತೆಗೆ ಆಡಬೇಕಲ್ಲ. ಮನೆಯಲ್ಲಿ ‘ವಿಡಿಯೋ ಆಟ’ ಶುರುವಾಯಿತು. ಅವನು ಹಾಡುಗಾರ, ನಾನು ಏಟು ತಿನ್ನುವವಳು. ಬಕೆಟ್ಟಿನ ನೀರು ನನ್ನ ತಲೆಯ ಮೇಲೆ, ಹಿಟ್ಟಿನ ಡಬ್ಬಿ ನನ್ನ ತಲೆಯ ಮೇಲೆ, ಮಣ್ಣಿನ ಕುಂಡ ನನ್ನ ಬೆನ್ನಿನ ಮೇಲೆ. ನಾನು ಕಚ್ಚುತ್ತಿದ್ದೆ, ಪರಚುತ್ತಿದ್ದೆ, ಆದರೆ ಹದಿನೈದರ ಹುಡುಗನ ಬಲದ ಮುಂದೆ ಎಷ್ಟು ಹೊತ್ತು? ಒಂದು ದಿನ ಕ್ವಾರ್ಟರ್ಸಿನ ಹಿಂದೆ ಎಸೆದಿದ್ದ ಕೆಟ್ಟ ಟ್ಯೂಬ್‌ಲೈಟ್ ತಂದು, ‘ಮೂರನೇ ಪಲ್ಲವಿ!’ ಎಂದು ಕೂಗಿ ನನ್ನ ಬೆನ್ನಿಗೆ ಬೀಸಿದ. ಅದು ಬಾಂಬಿನಂತೆ ಸದ್ದು ಮಾಡಿ ಪುಡಿಯಾಯಿತು. ಬಿಳಿ ಪುಡಿ ನನ್ನ ಕಣ್ಣು ಬಾಯಿ ಸೇರಿತು, ಗಾಜು ಕುತ್ತಿಗೆಯಲ್ಲಿ ನೆಟ್ಟಿತು. ಅವ್ವ ನನ್ನನ್ನು ಬಚ್ಚಲಲ್ಲಿ ಬೋರಲು ಮಲಗಿಸಿ ಒಂದೊಂದೇ ಚೂರು ಕಿತ್ತಳು. ಕೀಳುತ್ತ ಏನೆಂದಳು ಗೊತ್ತೇ?

“ಅಳಬ್ಯಾಡ. ಅಣ್ಣ ಅಲ್ಲೇನ? ಆಟದಾಗ ಆಗೇತಿ.”

ಆ ಮಾತಿನಿಂದ ಆದಷ್ಟು ನೋವು ಗಾಜಿನಿಂದ ಆಗಲಿಲ್ಲ.

ವರ್ಷಗಳು ಕಳೆದವು, ನನ್ನ ಮದುವೆಯಾಯಿತು. ಅಣ್ಣ ಅಪ್ಪನ ಕಾರ್ಖಾನೆಯಲ್ಲೇ ಕೆಲಸ ಹಿಡಿದ, ಕೊಂಡಾಪುರದಲ್ಲಿ ಫ್ಲ್ಯಾಟ್ ಕೊಂಡ. ದೊಡ್ಡವನಾದ ಮೇಲೆ ಅವನು ಯಾರ ಮೇಲೂ ಕೈ ಎತ್ತಿದವನಲ್ಲ, ಅದನ್ನು ಒಪ್ಪಿಕೊಳ್ಳಬೇಕು. ನಗುವವನು, ನಗಿಸುವವನು. ಕನ್ನಡ ಸಂಘದ ಯಾವ ಕಾರ್ಯಕ್ರಮವಿರಲಿ, ಮೈಕು ಅವನ ಕೈಯಲ್ಲೇ. ಆದರೆ ಒಂದು ಚಟ ಬಿಡಲಿಲ್ಲ. ನಾಮಕರಣವಿರಲಿ, ಗೃಹಪ್ರವೇಶವಿರಲಿ, ಜನ ಸೇರಿದರೆ ಸಾಕು ಟ್ಯೂಬ್‌ಲೈಟಿನ ಕಥೆ ತೆಗೆಯುವನು. ಬಿಳಿ ಪುಡಿ ಬಳಿದುಕೊಂಡ ನಾನು ದೆವ್ವದಂತೆ ಓಡಿದ್ದನ್ನು ಎದ್ದು ನಿಂತು ಅಭಿನಯಿಸಿ ತೋರಿಸುವನು. ಜನ ಹೊಟ್ಟೆ ಹಿಡಿದುಕೊಂಡು ನಗುವರು. ನಾನೂ ನಗುತ್ತಿದ್ದೆ, ನಗದೆ ಇನ್ನೇನು ಮಾಡಲಿ? ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದೆ.

ಹೋದ ವರ್ಷ ಗೌರಿ ಹುಣ್ಣಿಮೆ ಹತ್ತಿರವಿದ್ದಾಗ ಅವನ ಫೋನು ಬಂತು. ಸಂಘದವರು ಭಾನುವಾರ ಮಧ್ಯಾಹ್ನ ಎಂಬತ್ತರ ದಶಕದ ಪಾಪ್ ಮತ್ತು ರಾಕ್ ವಿಡಿಯೋಗಳ ಬಗ್ಗೆ ಕ್ವಿಜ್ ಇಟ್ಟಿದ್ದಾರೆ, ನಡೆಸುವವನು ತಾನೇ ಎಂದ. ದನಿಯಲ್ಲಿ ಹದಿನೈದರ ಹುಡುಗ ಕುಣಿಯುತ್ತಿದ್ದ.

“ಕ್ವಿಜ್ ಮುಗದ ಮ್ಯಾಲೆ ಸ್ಟೇಜಿನ ಮ್ಯಾಲೆ ನಮ್ಮ ಬಾಟ್ಲಿ ವಿಡಿಯೋ ಮಾಡೂಣು. ಖರೇ ಸಕ್ರಿ ಬಾಟ್ಲಿ! ವರ್ಷಾ ಸಕ್ರಿ ಆರತಿ ಮಾಡೂ ಮಂದಿ ನಾವು, ನಮಗ ಯಾರು ಸಕ್ರಿ ಕಲಸೂದು ಕಲಿಸ್ತಾರ?”

“ಯಾರ ತಲಿ ಮ್ಯಾಲೆ ಒಡಿಯೂದು?”

“ನಿಂದ ಮತ್ತ. ನಿನಗ ರೂಢಿ ಐತಲ್ಲ!” ಎಂದು ಕಿಸಕ್ಕನೆ ನಕ್ಕ.

“ಈ ಸಲ ನಾ ಹೊಡೀತೀನಿ, ನೀ ಕುಂಡ್ರು.”

“ಆತ್ಬಿಡ. ವಿಡಿಯೋದಾಗೂ ಹೆಂಗಸ ಹೊಡೀತಾಳ. ಮಂದಿಗೆ ಮಜಾ ಬರ್ತೈತಿ,” ಎಂದ.

ಸಕ್ಕರೆ ಆರತಿ ನಮ್ಮ ಉತ್ತರ ಕರ್ನಾಟಕದ ಮನೆಗಳ ಕೆಲಸ. ಗೌರಿ ಹುಣ್ಣಿಮೆಗೆ ಸಕ್ಕರೆ ಪಾಕ ಕಾಯಿಸಿ, ಹಾಲು ಹಾಕಿ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಬೆಳ್ಳಗಾಗುವವರೆಗೆ ತಿಕ್ಕಿ, ನೆನೆಸಿಟ್ಟ ಕಟ್ಟಿಗೆಯ ಅಚ್ಚಿಗೆ ಸುರಿಯುತ್ತೇವೆ. ಆನೆ, ಒಂಟೆ, ಕುದುರೆ, ತೇರು ಎಲ್ಲ ಗಟ್ಟಿಯಾಗಿ ಹೊರಬರುತ್ತವೆ. ಹುಡುಗಿಯರು ಅವನ್ನು ತಟ್ಟೆಯಲ್ಲಿಟ್ಟು ಗೌರಿಗೆ ಬೆಳಗಿ ಬರುತ್ತಾರೆ. ನಮ್ಮ ಮನೆಯಲ್ಲಿ ‘ಸಕ್ಕರೆಯಿಂದ ಬಾಟಲಿ ಮಾಡು’ ಎಂದರೆ ಕೈ ತಾನಾಗಿ ಈ ದಾರಿಯನ್ನೇ ಹಿಡಿಯುತ್ತದೆ. ವಿಡಿಯೋದವರು ಮಾಡುವ ಬಾಟಲಿ ಕಾಗದದಷ್ಟು ತೆಳ್ಳಗೆ, ಒಳಗೆ ಪೊಳ್ಳು, ಅದರ ಪಾಕವೇ ಬೇರೆ ಎಂದು ಅಣ್ಣ ಓದಿದ ಮ್ಯಾಗಜೀನಿನಲ್ಲಿ ಇರಲಿಲ್ಲ. ಇದ್ದರೂ ಅವನು ಸಕ್ಕರೆ ಎಂಬ ಒಂದು ಶಬ್ದ ಓದಿ ಪುಟ ಮಗುಚಿರಬೇಕು.

ಕಾರ್ಖಾನೆಯ ಗುಜರಿಯಿಂದ ಹಳೆಯ ಎಣ್ಣೆ ಬಾಟಲಿಯ ಅಚ್ಚು ತಂದೆ. ಶನಿವಾರ ಬೆಳಿಗ್ಗೆ ವೈನಿ, ಎಂದರೆ ಅಣ್ಣನ ಹೆಂಡತಿ, ನಾಚಾರಂನ ನಮ್ಮ ಮನೆಗೆ ಬಂದರು. ಇಬ್ಬರೂ ಕೂಡಿ ಹಸಿರು ಬಣ್ಣ ಹಾಕಿ ಪಾಕ ಮಾಡಿದೆವು. ಮೂರು ಬಾಟಲಿ ಎರಕ ಹೊಯ್ದೆವು. ಬಟ್ಟೆ ಸೋಪಿನ ಬಣ್ಣದಲ್ಲಿ ನುಣ್ಣಗೆ ಬಂದವು.

“ಭಾಳ ಛಂದ ಬಂದಾವು ನೋಡ್ರಿ. ಒಡಿಯಾಕ ಮನಸ್ಸ ಬರಂಗಿಲ್ಲ,” ಎಂದರು ವೈನಿ. ಚಹಾ ಕುಡಿದು ಕೊಂಡಾಪುರಕ್ಕೆ ಹೋದರು.

ಅವರು ಹೋದ ಮೇಲೆ ಬಾಟಲಿಗಳನ್ನು ಡಬ್ಬಿಯಲ್ಲಿ ಇಡುತ್ತಿದ್ದೆ. ಒಂದು ಕೈಜಾರಿ ಕಟ್ಟೆಯ ಮೇಲಿಂದ ಬಿತ್ತು. ಅಯ್ಯೋ, ಪುಡಿಯಾಯಿತು ಎಂದುಕೊಂಡು ಬಗ್ಗಿ ನೋಡಿದರೆ ಬಾಟಲಿಗೆ ಏನೂ ಆಗಿರಲಿಲ್ಲ. ನೆಲದ ಟೈಲ್ಸು ಮೂಲೆಯಿಂದ ಮೂಲೆಗೆ ಸೀಳಿತ್ತು. ಬಾಟಲಿಯ ಒಳಗೂ ಗಟ್ಟಿ ಸಕ್ಕರೆ. ಇದು ತಲೆಯ ಮೇಲೆ ಒಡೆಯುವ ವಸ್ತುವಲ್ಲ, ಇದರಿಂದ ತಲೆಯೇ ಒಡೆಯುತ್ತದೆ. ಹಗಲೆಲ್ಲ ಪೊಳ್ಳು ಬಾಟಲಿ ಮಾಡಿಸುವ ನನಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ನನ್ನನ್ನೇ ಬಯ್ದುಕೊಂಡು ತಕ್ಷಣ ಅಣ್ಣನಿಗೆ ಫೋನ್ ಹಚ್ಚಿದೆ. ಹೇಳಬೇಕೆಂದೇ ಹಚ್ಚಿದ್ದು. ಇದು ಸತ್ಯ, ಇದನ್ನು ಯಾರೂ ನನ್ನಿಂದ ಕಸಿದುಕೊಳ್ಳಬಾರದು.

ನಾನು ಬಾಯಿ ಬಿಡುವ ಮೊದಲೇ ಅವನು ಶುರುಮಾಡಿದ.

“ಛಲೋ ಆತು ನೀ ಮಾಡಿದ್ದು. ನಾಳೆ ಬಾಟ್ಲಿ ಮುಂಚೆ ಟ್ಯೂಬ್‌ಲೈಟ್ ಕಥಿ ಇಟ್ಟೀನಿ. ಈ ಸಲ ಒಂದು ಹೊಸಾದು ಸೇರಿಸೀನಿ. ನೀ ಅಂಜಿ ಚಡ್ಡ್ಯಾಗ ಉಚ್ಚಿ ಹೊಯ್ಕೊಂಡಿ ಅಂತ ಹೇಳ್ತೀನಿ. ಮಂದಿ ಬಿದ್ದ ಬಿದ್ದ ನಗತಾರ ನೋಡು!”

“ಅದು ಸುಳ್ಳು.”

“ಏ ಹುಚ್ಚಿ, ಕಥಿಗೆ ಉಪ್ಪುಖಾರ ಬ್ಯಾಡೇನ? ನೀ ಯಾಕ ಫೋನ್ ಮಾಡಿದ್ದಿ?”

“ಏನಿಲ್ಲ. ಬಾಟ್ಲಿ ತಯಾರಾದವು ಅಂತ ಹೇಳಾಕ,” ಎಂದು ಇಟ್ಟುಬಿಟ್ಟೆ.

ಸೀಳಿದ ಟೈಲ್ಸಿನ ಮೇಲೆ ಕಾಲೊರೆಸುವ ಮ್ಯಾಟು ಎಳೆದೆ. ಅಂಜಿಕೆಯಿಂದಲ್ಲ, ಉರಿಯಿಂದ.

ಮರುದಿನ ಡಬ್ಬಿ ಹೊತ್ತುಕೊಂಡು ಹಬ್ಸಿಗೂಡದಲ್ಲಿ ಮೆಟ್ರೋ ಹತ್ತಲು ಹೋದೆ. ಸ್ಕ್ಯಾನ್ ಮಾಡುವಲ್ಲಿ ಸೆಕ್ಯೂರಿಟಿ ಹೆಂಗಸು ಡಬ್ಬಿ ತೆಗೆಸಿದಳು. ಸಕ್ಕರೆ ಅಮ್ಮಾ, ನಾಟಕಕ್ಕೆ ಎಂದೆ. ಒಂದು ಬಾಟಲಿ ಕೈಯಲ್ಲಿ ತೂಗಿ ನೋಡಿ, “ಗಿದಿ ರಾಯಿ ಲೆಕ್ಕ ಉಂದಿ ಗದಮ್ಮಾ,” ಎಂದಳು. ಇದು ಕಲ್ಲಿನ ಹಾಗಿದೆಯಲ್ಲ ಎಂದು ಯಾರೋ ಗುರುತಿಲ್ಲದವಳು ನನಗೆ ಹೇಳಿದಳು. ಹೌದು ಎಂದು ತಲೆಯಾಡಿಸಿ ಡಬ್ಬಿ ಮುಚ್ಚಿಕೊಂಡು ಹೋದೆ. ಅಮೀರ್‌ಪೇಟ್‌ನಲ್ಲಿ ಇಳಿಯುವವರೆಗೂ ಆ ಡಬ್ಬಿ ನನ್ನ ತೊಡೆಯ ಮೇಲಿತ್ತು. ವಾಪಸು ಹೋಗಬಹುದಿತ್ತು. ಬಾಟಲಿಗಳನ್ನು ಅಲ್ಲೇ ಬಿಟ್ಟು ಹೋಗಬಹುದಿತ್ತು.

ಸಭಾಂಗಣ ತುಂಬಿತ್ತು. ಕ್ವಿಜ್ ಚೆನ್ನಾಗಿ ನಡೆಯಿತು, ಸುಳ್ಳು ಹೇಳಬಾರದು. ಹಾಲಿನ ಮಳೆ, ಕೂದಲು ಅಂಟಿಸಿದ ತೋಳ, ಕಲ್ಲಂಗಡಿಯ ಡ್ರಮ್ಮು, ಪ್ರತಿ ಉತ್ತರಕ್ಕೂ ಚಪ್ಪಾಳೆ. ಆಮೇಲೆ ಟ್ಯೂಬ್‌ಲೈಟಿನ ಕಥೆ ಬಂತು, ಹೊಸ ಉಪ್ಪುಖಾರದ ಸಮೇತ. ಅಣ್ಣ ಕಾಲು ಅಗಲಿಸಿ, ಲಂಗ ಎತ್ತಿ ಹಿಡಿದವಳ ಹಾಗೆ ನಡೆದು ತೋರಿಸಿದ. ಸಭೆ ಕುರ್ಚಿಯಿಂದ ಉರುಳುವುದೊಂದು ಬಾಕಿ. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕಣ್ಣೊರೆಸಿಕೊಳ್ಳುತ್ತ ನನ್ನನ್ನು ನೋಡಿ, “ಪಾಪ ಕೂಸು!” ಎಂದು ಮತ್ತೆ ನಕ್ಕರು. ನಾನು ಪರದೆಯ ಹತ್ತಿರ ಹಲ್ಲು ಕಚ್ಚಿ ನಿಂತಿದ್ದೆ. ತಲೆಯ ಮೇಲೆ ಪುಕ್ಕದ ಟೋಪಿ ಬೇರೆ.

ಅಣ್ಣ ವೇದಿಕೆಯ ನಡುವೆ ಕೂತ, ಮುಂದೆ ನೂಡಲ್ಸಿನ ತಟ್ಟೆ. ಹಾಡು ಶುರುವಾಯಿತು. ಅವನು ತುಟಿಯಾಡಿಸುತ್ತ ನೂಡಲ್ಸು ಎತ್ತುತ್ತಿದ್ದ. ಪಲ್ಲವಿ ಬಂತು. ಹಿಂದಿನಿಂದ ಹೋಗಿ ನೆತ್ತಿಯ ಮೇಲೆ ಹೊಡೆದೆ.

ದಬ್ ಎಂದು ಮೊಂಡ ಸದ್ದಾಯಿತು. ಬಾಟಲಿ ಒಡೆಯಲಿಲ್ಲ. ಅಣ್ಣನ ಬಾಯಿಂದ ನೂಡಲ್ಸು ಜಾರಿತು. ಅವನು ನಿಧಾನವಾಗಿ ಮುಖ ಎತ್ತಿ ನನ್ನ ಕಡೆ ತಿರುಗಿದ. ಅವನ ತುಟಿಯಲ್ಲಿ ಇನ್ನೂ ನಗು ಇತ್ತು, ಕಣ್ಣಲ್ಲಿ ಇರಲಿಲ್ಲ. ಸಭೆ ಹೋ ಎಂದು ನಕ್ಕಿತು, ಯಾರೋ ಸೀಟಿ ಹೊಡೆದರು. “ಒಡೀಲಿಲ್ಲ! ಮತ್ತೊಮ್ಮೆ!” ಎಂದು ಹಿಂದಿನಿಂದ ಒಬ್ಬ ಗಂಡಸು ಕೂಗಿದ.

ಆಗ ಮತ್ತೊಂದು ಹೊಡೆದೆ.

ಈ ಸಲ ಅದು ಎಡ ಹುಬ್ಬಿನ ಕೆಳಗೆ ಬಿತ್ತು. ಒದ್ದೆ ಕಟ್ಟಿಗೆ ಮುರಿದ ಸದ್ದು. ಅಣ್ಣ ಕುರ್ಚಿ ಸಮೇತ ಬಿದ್ದ, ತಟ್ಟೆ ಉರುಳಿತು, ನೂಡಲ್ಸಿನ ಮೇಲೆ ರಕ್ತ ಸುರಿಯಿತು. ಅದನ್ನೂ ಟೊಮೇಟೊ ಸಾಸು ಎಂದುಕೊಂಡು ಸಭೆ ನಗುತ್ತಲೇ ಇತ್ತು. ಹಾಡೂ ನಡೆದೇ ಇತ್ತು. ಮೊದಲು ಚೀರಿದವರು ವೈನಿ. ಓಡಿಬಂದು ಸೆರಗಿನಿಂದ ಅವನ ಕಣ್ಣು ಒತ್ತಿಹಿಡಿದರು. ಸೆರಗು ನೋಡನೋಡುತ್ತ ಕೆಂಪಾಯಿತು. ನನ್ನ ಕೈಯಲ್ಲಿ ಬಾಟಲಿ ಹಾಗೇ ಇತ್ತು, ಅದರ ಬುಡಕ್ಕೆ ಒಂದೆಳೆ ಬಿರುಕು ಕೂಡ ಬಂದಿರಲಿಲ್ಲ.

ಕಣ್ಣಿನ ಗೂಡಿನ ಮೂಳೆ ಮುರಿದಿದೆ, ಒಳಪೊರೆ ಹರಿದಿದೆ ಎಂದರು ಡಾಕ್ಟರು. ಎರಡು ಸಲ ಆಪರೇಷನ್ ಆಯಿತು. ಹೇಗಾಯಿತೆಂದು ಕೇಳಿದಾಗ ಅಣ್ಣ ಬಾತ ಮುಖದಿಂದಲೇ, “ಆಟದಾಗ ಆಗೇತ್ರಿ. ನಮ್ಮ ತಂಗಿ ತಪ್ಪೇನಿಲ್ಲ,” ಎಂದ. ಅವ್ವನ ಅದೇ ಮಾತು, ಅವ್ವ ಸತ್ತ ಎಷ್ಟೋ ವರ್ಷಕ್ಕೆ. ನಾನು ವಾರ್ಡಿನ ಹೊರಗೆ ಹೋಗಿ ಗೋಡೆಗೆ ಹಣೆ ಜಜ್ಜಿಕೊಂಡೆ. ನರ್ಸು ಬಂದು ಹಿಡಿದಳು. ಅಣ್ಣನ ಮೇಲಿನ ಅಕ್ಕರೆಯಿಂದ ಅಳುತ್ತಿದ್ದೇನೆ ಎಂದು ಅವಳು ನಂಬಿದಳು. ಅಕ್ಕರೆಯೂ ಇತ್ತು. ಆ ಮನುಷ್ಯ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು, ನನ್ನ ಹೆರಿಗೆಗೆ ರಕ್ತ ಕೊಟ್ಟವನು. ಅದೆಲ್ಲ ಇದ್ದೂ ಹೊಡೆದಿದ್ದೆ.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಯಾರೋ ಮೊಬೈಲಿನಲ್ಲಿ ತೆಗೆದ ಆ ದೃಶ್ಯ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿತು. ಅರ್ಧ ನಿಮಿಷದ ತುಣುಕು. ಪುಕ್ಕದ ಟೋಪಿಯ ಹೆಂಗಸು, ನೂಡಲ್ಸು ತಿನ್ನುವ ಗಂಡಸು, ಒಡೆಯದ ಬಾಟಲಿ. ರಕ್ತ ಬರುವ ಮೊದಲೇ ಕತ್ತರಿಸಿ, ನಗುವ ಗೊಂಬೆಗಳನ್ನು ಅಂಟಿಸಿ ಕಳಿಸುತ್ತಿದ್ದರು. ನನ್ನ ಕಾರ್ಖಾನೆಯ ಹುಡುಗರ ಫೋನಿಗೂ ಬಂತು. ಅಣ್ಣನೋ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಅದನ್ನು ಎಲ್ಲರಿಗೂ ಕಳಿಸುತ್ತಿದ್ದ. ನೋಡಲು ಬಂದವರಿಗೆಲ್ಲ ಅದರ ಹಿಂದಿನ ಸಂಗತಿ ವಿವರಿಸುತ್ತಿದ್ದ. ಪಾಕ ದಪ್ಪ ಆಗಿತ್ತು, ಅಚ್ಚು ಎಣ್ಣೆ ಬಾಟಲಿಯದು, ಟೋಪಿಯ ಪುಕ್ಕ ಬೇಗಂ ಬಜಾರಿನದು, ಕತ್ತರಿಸಿದ ಭಾಗದಲ್ಲಿ ಸುರಿದದ್ದು ಸಾಸ್ ಅಲ್ಲ, ಖರೇ ರಕ್ತ! ತನ್ನ ಕಣ್ಣನ್ನೂ ಅವನು ಕ್ವಿಜ್ಜಿನ ಪ್ರಶ್ನೆ ಮಾಡಿಕೊಂಡಿದ್ದ. ಜನ ನಗುತ್ತಿದ್ದರು. ನಾನು ಅಲ್ಲಿದ್ದರೆ ನನ್ನ ಬೆನ್ನು ತಟ್ಟಿ, “ಹೆದರಬ್ಯಾಡ, ನೀ ಬೇಕಂತ ಮಾಡೀಯೇನ?” ಎನ್ನುತ್ತಿದ್ದ.

ಆ ಕ್ಷಮೆ ನನ್ನ ಮೈಮೇಲೆ ಗಂಧಕದ ಹಾಗೆ ಉರಿಯಿತು. ನಾನು ಕೇಳದ ಕ್ಷಮೆ. ಕ್ಷಮಿಸುವುದಕ್ಕಾದರೂ ತಪ್ಪೇನೆಂದು ಗೊತ್ತಿರಬೇಡವೇ?

ಒಂದು ಮಧ್ಯಾಹ್ನ ಕಾರ್ಖಾನೆಯ ಶೆಡ್ಡಿನ ಹಿಂದೆ ಡಬ್ಬಿ ಊಟ ಮುಗಿಸಿ ಆ ತುಣುಕನ್ನು ನಿಧಾನ ಮಾಡಿ ನೋಡಿದೆ. ಮೊದಲನೇ ಪೆಟ್ಟು. ಅಣ್ಣ ಮುಖ ಎತ್ತುತ್ತಾನೆ. ಆಗ ನನ್ನ ಬಲಗೈ ನೋಡಿದೆ. ಮೊದಲ ಸಲ ಬಾಟಲಿಯನ್ನು ನಡುವಿನಲ್ಲಿ ಹಿಡಿದಿದ್ದೆ. ಆ ಒಂದೆರಡು ಕ್ಷಣದಲ್ಲಿ ಬೆರಳುಗಳು ಜಾರಿ ಕುತ್ತಿಗೆಗೆ ಬರುತ್ತವೆ. ಕುತ್ತಿಗೆ ಹಿಡಿದರೆ ಬುಡದ ಭಾರವೆಲ್ಲ ಮುಂದೆ ಬರುತ್ತದೆ, ಏಟು ಇಮ್ಮಡಿಯಾಗುತ್ತದೆ. ಹಿಂದಿನಿಂದ ಕೂಗಿದವನ ಮಾತು ಬರುವುದು ಅದಾದ ಮೇಲೆ. ಊರೆಲ್ಲ ನೋಡಿದ ಆ ವಿಡಿಯೋದಲ್ಲಿ ಯಾರ ಕಣ್ಣಿಗೂ ಬೀಳದ ಸಂಗತಿ ಅದೊಂದೇ.

ಮರುದಿನ ರಜೆ ಹಾಕಿ ಕೊಂಡಾಪುರಕ್ಕೆ ಹೋದೆ. ವೈನಿ ಚಹಾ ಮಾಡಲು ಒಳಗೆ ಹೋದರು. ಅಣ್ಣ ಬಾಲ್ಕನಿಯಲ್ಲಿ ಕರಿ ಕನ್ನಡಕ ಹಾಕಿಕೊಂಡು ಕೂತಿದ್ದ, ಮಡಿಲಲ್ಲಿ ಫೋನು. ಎದುರು ಕುರ್ಚಿಯಲ್ಲಿ ಕೂತೆ.

“ನಿನ್ನ ವಿಡಿಯೋದಾಗ ಒಂದು ಸಂಗತಿ ಐತಿ. ಅದು ನಿನಗೂ ಗೊತ್ತಿಲ್ಲ,” ಎಂದೆ.

ಅವನ ಮುಖ ಅರಳಿತು. “ಹೌದಾ? ನನಗ ಗೊತ್ತಿಲ್ಲದ್ದಾ? ಹೇಳ ಹೇಳ!” ಎಂದು ಕುರ್ಚಿ ಹತ್ತಿರ ಎಳೆದುಕೊಂಡ.

ಫೋನು ಇಸಿದುಕೊಂಡು ತೋರಿಸಿದೆ. ಅವನು ಒಳ್ಳೆಯ ಕಣ್ಣನ್ನು ಪರದೆಗೆ ಹತ್ತಿರ ತಂದು ನೋಡಿದ. ಕೈ ನಡುವಿನಿಂದ ಕುತ್ತಿಗೆಗೆ ಜಾರುವಲ್ಲಿ ನಿಲ್ಲಿಸಿದೆ. ಆಮೇಲೆ ಎಲ್ಲ ಹೇಳಿದೆ. ಟೈಲ್ಸು ಸೀಳಿದ್ದು, ಹೇಳಬೇಕೆಂದು ಫೋನ್ ಮಾಡಿದ್ದು, ಅವನ ಉಪ್ಪುಖಾರ ಕೇಳಿ ನುಂಗಿಕೊಂಡದ್ದು, ಮೆಟ್ರೋದ ಹೆಂಗಸು ಕಲ್ಲು ಅಂದದ್ದು. ಒಂದನ್ನೂ ಬಿಡಲಿಲ್ಲ. ದನಿ ಏರಿಸಲಿಲ್ಲ, ಅಳಲೂ ಇಲ್ಲ.

“ಮೊದಲನೇದು ಸಿಟ್ಟು ಅನ್ನು, ಒಪ್ಪತೀನಿ. ಎರಡನೇದು ನೀ ಬೀಳಲಿ ಅಂತ ಹೊಡದೆ ಅಣ್ಣಾ. ಆ ನಗು ನಿಂದರಲಿ ಅಂತ.”

ಅಣ್ಣ ಫೋನನ್ನು ಬೋರಲು ಹಾಕಿ ಕನ್ನಡಕ ತೆಗೆದ. ಎಡಗಣ್ಣು ಬೆಳ್ಳಗೆ, ಎತ್ತಲೋ ನೋಡುತ್ತಿತ್ತು. ಈಗ ಏನಾದರೂ ಚೇಷ್ಟೆ ಮಾತು ಬರುತ್ತದೆ ಎಂದು ಕಾದೆ. ಬರಲಿಲ್ಲ. ಅವನು ನಗದೆ ಇದ್ದದ್ದನ್ನು ನಾನು ಅಪ್ಪನ ಹೆಣದ ಮುಂದೆಯೂ ನೋಡಿರಲಿಲ್ಲ. ಸಣ್ಣ ದನಿಯಲ್ಲಿ ಕೇಳಿದ.

“ಟ್ಯೂಬ್‌ಲೈಟಿಗೇನ?”

“ಅದಕ್ಕ ಅಷ್ಟ ಅಲ್ಲ. ಅದನ್ನ ಹೇಳಿ ಹೇಳಿ ನಗಸಿದ್ದಕ್ಕ.”

“ನಾ ಅದನ್ನ ಆಟ ಅಂತ ತಿಳಕೊಂಡಿದ್ದೆ. ದೇವರಾಣೆ.”

“ಗೊತ್ತೈತಿ.”

ಕೆಳಗೆ ಯಾರೋ ಕಾರು ಹಿಂದಕ್ಕೆ ತೆಗೆಯುವ ಸದ್ದು. ಅಡುಗೆಮನೆಯಲ್ಲಿ ವೈನಿ ಶುಂಠಿ ಜಜ್ಜುತ್ತಿದ್ದರು.

“ಈಗ ಸಮಾಧಾನ ಆತೇನು ನಿನಗ?” ಎಂದ. ವ್ಯಂಗ್ಯವಿರಲಿಲ್ಲ. ಆಗಿದೆ ಎಂಬ ಉತ್ತರಕ್ಕಾಗಿ ಅವನು ಆಸೆಯಿಂದ ಕಾಯುತ್ತಿದ್ದ. ಕಣ್ಣು ಹೋದದ್ದಾದರೂ ಹೋಯಿತು, ತಂಗಿಯ ಲೆಕ್ಕ ಮುಗಿಯಿತು ಎಂದುಕೊಳ್ಳಲು ಅವನಿಗೆ ಅದೊಂದು ಮಾತು ಸಾಕಿತ್ತು. ಹೌದಣ್ಣಾ ಎನ್ನಬೇಕೆಂದೇ ಬಾಯಿ ತೆರೆದೆ.

“ಇಲ್ಲ,” ಎಂದೆ.

ನನಗೇ ಗಾಬರಿಯಾಯಿತು. ಆದರೆ ಹೇಳಿದ್ದು ನಿಜವಾಗಿತ್ತು, ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವೈನಿ ಚಹಾ ತಂದು ನಮ್ಮ ನಡುವಿನ ಸ್ಟೂಲಿನ ಮೇಲಿಟ್ಟು, ಒಲೆಯ ಮೇಲೆ ಅನ್ನ ಇದೆ ಎಂದು ತಿರುಗಿದರು. ಅಣ್ಣ ಅವರ ಸೆರಗಿನ ತುದಿ ಹಿಡಿದುಕೊಂಡ. ನನ್ನ ಕಡೆ ನೋಡಲಿಲ್ಲ.

“ಇಲ್ಲೇ ಕುಂಡ್ರು ಸ್ವಲ್ಪ,” ಎಂದ ಹೆಂಡತಿಗೆ. “ಇಕಿ ಹೋಗೂ ತನಕಾ ಎದ್ದು ಹೋಗಬ್ಯಾಡ.”